ಹಾಡುಹಗಲಲ್ಲಿ ದರೋಡೆಕೋರನಿಗಾಗಿ ಅತ್ತದ್ದು

ನಾನು ಒಬ್ಬ ದರೋಡೆಕೋರನಿಗಾಗಿ ಅತ್ತಿದ್ದೇನೆ. ಅದೂ ಹಾಡುಹಗಲಲ್ಲಿ, ಭಾಲ್ಕಿಯ ಅರ್ಧ ಊರಿನ ಎದುರಿಗೆ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡಿ. ಮತ್ತೆ ಅಳುವ ಇರಾದೆ ಇದ್ದವನು ತಪ್ಪು ಒಪ್ಪಿಕೊಳ್ಳುವುದಿಲ್ಲ.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದಿತ್ತು. ಕತ್ತಲಾದ ಮೇಲೆ ಹೊರಗೆ ತಿರುಗಬಾರದೆಂಬ ಹುಕುಂ ಮಾತ್ರ ಇನ್ನೂ ಇತ್ತು. ಹೀಗಾಗಿ ಊರಿಗೆ ಬಂದ ನಾಟಕ ಕಂಪನಿ ಮಧ್ಯಾಹ್ನವೇ ಪರದೆ ಎತ್ತುತ್ತಿತ್ತು. ರಾತ್ರಿಯ ನಾಟಕದಲ್ಲಿ ಒಂದು ದೊಡ್ಡ ಅನುಕೂಲವಿದೆ: ಯಾರು ಯಾರಿಗಾಗಿ ಅತ್ತರೆಂಬುದು ಪಕ್ಕದವನಿಗೂ ತಿಳಿಯುವುದಿಲ್ಲ. ನಮ್ಮ ತಗಡಿನ ಥಿಯೇಟರಿನಲ್ಲೋ, ಬಿಸಿಲು ತೂತುಗಳಿಂದ ಇಳಿದು ಒಬ್ಬೊಬ್ಬರ ಕೆನ್ನೆಯನ್ನೂ ಊರಿಗೆಲ್ಲ ತೋರಿಸುತ್ತಿತ್ತು.

ನಾಟಕದ ದರೋಡೆಕೋರ ಮೊದಲ ಅಂಕದಲ್ಲಿ ಒಬ್ಬ ಬಡ ಕಾವಲುಗಾರನನ್ನು ಕೊಂದ. ನಾವು ಹಲ್ಲು ಕಡಿದೆವು. ಎರಡನೆಯದರಲ್ಲಿ ಚಳಿಗೆ ನಡುಗುವ ಮುದುಕಿಗೆ ತನ್ನ ಕಂಬಳಿ ಹೊದಿಸಿದ, ಅಷ್ಟಕ್ಕೇ ಕರಗಿದೆವು. ಕಂಬಳಿಯೂ ಕದ್ದದ್ದೇ ಎಂಬುದು, ಹೈದರಾಬಾದಿನಲ್ಲಿ ತರ್ಕಶಾಸ್ತ್ರ ಓದಿ ಬಂದ ನನಗೂ ಹೊಳೆಯಲಿಲ್ಲ. ಪ್ರೇಕ್ಷಕನನ್ನು ಸಹೃದಯ ಎಂದು ಕರೆದ ಆಲಂಕಾರಿಕರು, ಆ ಹೃದಯ ಅಂಕಕ್ಕೊಮ್ಮೆ ಪಕ್ಷ ಬದಲಿಸುತ್ತದೆಂದು ಯಾಕೋ ಬರೆದಿಡಲಿಲ್ಲ.

ಜತೆಗಿದ್ದ ಮೈಲೂರಿನ ವಕೀಲ ಮಿತ್ರ ಗುಂಡೇರಾವ ಚುಚ್ಚಿದ: “ಖೂನಿ ಮಾಡಿದಂವಗ ಅಳ್ಲಾಕತ್ತೀರಲ್ರಿ ಬಿ.ಎ. ಸಾಹೇಬ್ರ. ಕಾವಲಿನವನ ಹೆಂಡ್ತಿ ನೆನಪದಾಳೇನು?”

“ಆಕಿಗೂ ಅಳ್ತೇನಿ. ಖರ್ಚ ಆಗೋದು ನನ್ನ ಕಣ್ಣೀರು, ನಿಮಗ್ಯಾಕ ತ್ರಾಸು?”

ಕೊನೆಗೆ ದರೋಡೆಕೋರ ಗುಂಡು ತಗುಲಿ, ಹಾಡಿ, ಸತ್ತ. ನಮ್ಮ ಜನ ಹಾಡು ಮೆಚ್ಚಿದರೆ ‘ಒನ್ಸ್ ಮೋರ್’ ಎನ್ನುತ್ತಾರೆ. ಸತ್ತವನು ಎದ್ದು, ಧೂಳು ಕೊಡವಿ, ಮತ್ತೆ ಹಾಡಿ ಮತ್ತೆ ಸಾಯಬೇಕು. ಅವನು ಎರಡನೆಯ ಸಲ ಸತ್ತಾಗ ಥಿಯೇಟರೇ ಬಿಕ್ಕುತ್ತಿತ್ತು. ಆದರೂ ಮತ್ತೊಮ್ಮೆ ಕೂಗು ಎದ್ದಿತು.

ಅದರ ಜತೆಗೆ ಸಾಯಗಾಂವದ ಶರಣಪ್ಪನೂ ಎದ್ದ. ಆ ವರ್ಷದ ಗಲಭೆಯಲ್ಲಿ, ನಮ್ಮ ಊರಲ್ಲೇ ಇದ್ದ ಅವನ ಅಂಗಡಿ ಲೂಟಿ ಮಾಡಿದವರು ಅವನ ತಮ್ಮನನ್ನು ಕೊಂದಿದ್ದರು. ಬಡಿಗೆ ಹಿಡಿದೇ ರಂಗ ಹತ್ತಿದ ಅವನು ಬಿದ್ದಿದ್ದ ನಟನ ತಲೆಯ ಹತ್ತಿರ ನಿಂತು ನಮ್ಮತ್ತ ತಿರುಗಿದ.

“ಲೂಟಿ ಮಾಡಿದಂವಗ ಇಷ್ಟ ಅಳ್ತೀರಿ. ನನ್ನ ತಮ್ಮ ಸತ್ತಾಗ ಬಾಗಿಲ ಹಾಕ್ಕೊಂಡು ಕುಂತಿದ್ರಲ್ಲ. ಇಂವ ಮತ್ತ ಹ್ಯಾಂಗ ಏಳ್ತಾನ, ನೋಡ್ತೇನಿ.”

ಬಡಿಗೆ ಮೇಲೆದ್ದಿತು. ನಟನ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ನಾನು ಹಾರಿ ಶರಣಪ್ಪನ ಧೋತರ ಹಿಡಿದು ಜಗ್ಗಿದೆ. ಧೈರ್ಯವೆನ್ನಬೇಡಿ, ಮುಂದಿನ ಸಾಲಿನಲ್ಲಿ ಕೂತಿದ್ದೆ ಅಷ್ಟೆ. ಬಡಿಗೆ ನಟನ ಕಿವಿಯ ಬದಿಯ ಹಲಗೆಯನ್ನು ಸೀಳಿತು. ಇವತ್ತಿಗೂ ಮನೆಯಲ್ಲಿ ಕಟ್ಟಿಗೆ ಒಡೆದರೆ ನನ್ನ ಕೈ ಗಾಳಿಯಲ್ಲಿ ಧೋತರ ಹುಡುಕುತ್ತದೆ.

ನಟ ಎದ್ದು ಕೂತ. ಔರಾದದವ, ಹೆಸರು ರಾಚಪ್ಪ. ಬಣ್ಣದ ಮೇಲೆ ಬೆವರು ಹರಿಯುತ್ತಿತ್ತು. ಓಡಬಹುದಿತ್ತು, ಓಡಲಿಲ್ಲ.

“ಯಣ್ಣಾ, ನಿಮ್ಮ ತಮ್ಮನ ಹೆಸರೇನ್ರಿ?” ಎಂದ.

ಶರಣಪ್ಪ ಅಲ್ಲಿಯೇ ಕುಸಿದು ಕೂತ. “ಬಸಣ್ಣ,” ಎಂದ. ಅದನ್ನು ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

“ಫೈಸಲಾ ಆತಿಲ್ರಿ?” ಎಂದ ಗುಂಡೇರಾವ, ತೀರ್ಪು ಕೊಟ್ಟವನಂತೆ ಹೊರಗೆ ಬರುತ್ತ. “ಬದಮಾಶಗ ಅಳೋದು ತಪ್ಪು.”

ನನ್ನ ಮಟ್ಟಿಗೆ ಆಗಿಲ್ಲ. ಕಣ್ಣೀರು ಅದಾಲತ್ತಿನಲ್ಲಿ ನೌಕರಿಗಿಲ್ಲ. ಎಲ್ಲಿ ಬರಬೇಕಿತ್ತೋ ಅಲ್ಲಿ ಯಾಕೆ ಬರಲಿಲ್ಲ ಎಂದು ಶರಣಪ್ಪ ಕೇಳಲಿ, ತಲೆ ತಗ್ಗಿಸುತ್ತೇನೆ. ಬಂದದ್ದಕ್ಕೆ ಮಾತ್ರ ನಾನು ಯಾರಿಗೂ ಜಬಾಬು ಕೊಡುವುದಿಲ್ಲ.

ಹೆದರಿದ ಕಂಪನಿ ಮಾಲೀಕ, ಸಾವಿನ ದೃಶ್ಯವನ್ನೇ ತೆಗೆದುಬಿಡಲೇ ಎಂದು ಶರಣಪ್ಪನನ್ನು ಕೇಳಿದನಂತೆ. “ಸಾಯ್ಲಿ ಬಿಡ್ರಿ. ಆದ್ರ ಒಂದೇ ಸಲ ಸಾಯ್ಲಿ, ಎಲ್ಲರ ಹಂಗ,” ಎಂದನಂತೆ ಇವನು.

ಮರುದಿನ ಮಧ್ಯಾಹ್ನ ನಾನು ಬೇಕೆಂದೇ ಶರಣಪ್ಪನ ಮಗ್ಗುಲಲ್ಲಿ ಕೂತೆ. ದರೋಡೆಕೋರ ಗುಂಡು ತಗುಲಿ ಬಿದ್ದು ಹಾಡತೊಡಗಿದ, ನಾನು ಅತ್ತೆ. ಶರಣಪ್ಪ ನನ್ನತ್ತ ಬಾಗಿದ.

“ಜರಾ ಮೆಲ್ಲಕ ಅಳ್ರಿ,” ಎಂದ. “ಹಾಡ ಕೇಳ್ಸವಲ್ದು.”