ಅವಳು ಆರಿಸಿದ ಅರಿವಳಿಕೆ

ವಿಲೆ ಪಾರ್ಲೆಯ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆಯ ಡಾಕ್ಟರ್. ಖಿನ್ನತೆ ವಿಪರೀತವಾದವರ ತಲೆಗೆ ಕರೆಂಟ್ ಕೊಡುವ ಮುನ್ನ ಅವರನ್ನು ಕೆಲವೇ ನಿಮಿಷ ನಿದ್ದೆಗೆ ಕಳಿಸುವುದು ನನ್ನ ಕೆಲಸ. ಒಮ್ಮೆ ಗ್ರಾಂಟ್ ರೋಡಿನ ಹೋಟೆಲ್ ಯಜಮಾನರೊಬ್ಬರು ತಾಯಿಯನ್ನು ಕರೆತಂದರು. ಕುಂದಾಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದರು, ಆಮೇಲೆ ಊಟವನ್ನೂ. ಆಸ್ಪತ್ರೆಯವರಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. "ಅಮ್ಮಾ, ಸಣ್ಣ ಸೂಜಿ, ಅಷ್ಟೇ" ಎಂದಾಗ ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದರು. ಅವರು ನನ್ನವರು ಎಂದುಕೊಂಡುಬಿಟ್ಟೆ.

ನಾನು ಕೊಡುತ್ತಿದ್ದದ್ದು ಪ್ರೊಪೊಫಾಲ್. ಹಾಲಿನಂಥ ಮದ್ದು; ಹಿತವಾದ ನಿದ್ದೆ, ಹಿತವಾದ ಎಚ್ಚರ. ಆದರೆ ಕರೆಂಟಿನಿಂದ ಬರುವ ಫಿಟ್ಸ್‌ನಂಥ ಸೆಳವನ್ನು ಅದು ಮೊಟಕು ಮಾಡುತ್ತದೆ. ಗುಣ ಕೊಡಬೇಕಾದದ್ದು ಆ ಸೆಳವೇ. ಮನೋವೈದ್ಯರು ಕರೆಂಟ್ ಏರಿಸಿದರೂ ಅಮ್ಮನ ಸೆಳವು ಬಂದಂತೆಯೇ ಮಾಯವಾಗುತ್ತಿತ್ತು.

ನಾನು ಜ್ವರ ಬಂದು ಬೊರಿವಲಿಯ ಮನೆಯಲ್ಲಿ ಮಲಗಿದ್ದ ವಾರ, ನಾಗಪುರದಿಂದ ಹೊಸದಾಗಿ ಬಂದಿದ್ದ ಕಿರಿಯ ಡಾಕ್ಟರ್ ನನ್ನ ಜಾಗದಲ್ಲಿ ನಿಂತಳು. ಮದ್ದು ಬದಲಿಸಿ ಎಟೊಮಿಡೇಟ್ ಕೊಟ್ಟಳು. ಸೆಳವು ಚೆನ್ನಾಗಿ ಬಂತು. ನಾನು ಮರಳುವಷ್ಟರಲ್ಲಿ ಅಮ್ಮ ಚಹಾ ಕೇಳಿ ಕುಡಿದಿದ್ದರು.

"ನೋಡಿದ್ರಾ ಅವಳ ಕೈಗುಣ!" ಎಂದು ಮನೋವೈದ್ಯರು ನನ್ನೆದುರೇ ಹೊಗಳಿದರು. ನಾನು ಕೇಸ್ ಶೀಟ್ ತೆಗೆದು ಅವಳು ಕೊಟ್ಟ ಮದ್ದಿನ ಹೆಸರು ನೋಡಿದೆ.

"ಅದರಿಂದ ಕೈಕಾಲು ಅದುರುತ್ತೆ. ವಾಂತಿಯೂ ಜಾಸ್ತಿ," ಎಂದು ಅವಳಿಗೆ ಹೇಳಿದೆ.

"ಹೌದು ಮ್ಯಾಡಂ. ಆದ್ರೆ ಅವರು ಊಟಾನೇ ಬಿಟ್ಟಿದ್ರಲ್ಲ, ನನಗೆ ವಾಂತಿಗಿಂತ ಅದರ ಭಯ ಜಾಸ್ತಿ ಇತ್ತು," ಹಿಂದಿಯಲ್ಲಿ ಮೆಲ್ಲಗೆ ಅಂದಳು.

ಉತ್ತರ ಸರಿಯಾಗಿತ್ತು. ಅದಕ್ಕೇ ನನಗೆ ಉರಿಯಿತು. ಮನೆಗೆ ಹೋಗುವ ಲೋಕಲ್‌ನಲ್ಲಿ ಜನರ ನಡುವೆ ಒತ್ತಿಕೊಂಡು ನಿಂತು, ಫೋನಿನಲ್ಲಿ ಎಟೊಮಿಡೇಟಿನ ದೋಷಗಳನ್ನೇ ಹುಡುಕಿ ಓದಿದೆ. ಓದಿದಷ್ಟೂ ಈ ಅಮ್ಮನಿಗೆ ಅದೇ ಸರಿ ಎನಿಸುತ್ತಾ ಹೋಯಿತು.

ಮುಂದಿನ ಸರದಿಗೆ ನಾನೇ ಆ ಮದ್ದನ್ನು ಸಿರಿಂಜಿಗೆ ಎಳೆದುಕೊಂಡೆ. ಸೆಳವು ಅಷ್ಟೇ ಚೆನ್ನಾಗಿ ಬಂತು. ಎಚ್ಚರವಾಗುವ ಹೊತ್ತಿಗೆ ಬಾಗಿ ನಿಂತೆ, ಅಮ್ಮ ಮೊದಲು ಕಾಣುವ ಮುಖ ನನ್ನದಾಗಲಿ ಎಂದು.

"ಆ ಹೆಣ್ಣ್ ಎಲ್ಲಿ? ಇವತ್ತ್ ಬರ್ಲಿಲ್ಯಾ?"

ನನ್ನೊಡನೆ ಅವರು ಆಡಿದ ಮೊದಲ ಮಾತು ಅದು.

"ಬರ್ತಾಳಮ್ಮ," ಎಂದೆ.

ಡಿಸ್ಚಾರ್ಜ್ ದಿನ ಅಮ್ಮ ಅವಳ ಕೆನ್ನೆ ಸವರಿ, ಬಾರದ ಹಿಂದಿಯಲ್ಲಿ "ಹೋಟೆಲ್ ಆನಾ, ನೀರ್ ದೋಸೆ ಖಾನಾ" ಎಂದರು. ನೀರ್ ದೋಸೆ ಎಂದರೇನೆಂದು ಅವಳು ನನ್ನನ್ನು ಕೇಳಿದಳು. ವಿವರಿಸಿದೆ. ಅಮ್ಮ ನನ್ನತ್ತ ತಿರುಗಿ, "ನೀವೇ ಕರ್ಕಂಡ್ ಬನ್ನಿ," ಎಂದರು.

ಭಾನುವಾರ ಕರೆದುಕೊಂಡು ಹೋದೆ. ಅವಳ ತಟ್ಟೆಗೆ ಅಮ್ಮ ತಾವೇ ಬಡಿಸಿದರು. ನನಗೆ ವೇಟರ್ ತಂದುಕೊಟ್ಟ.