ದನದ ಕೊಟ್ಟಿಗೆಯ ಕೌನ್ಸೆಲಿಂಗ್

1974ರಲ್ಲಿ ನಾನು ಬೈಲಹೊಂಗಲದಲ್ಲಿ ಸರಕಾರಿ ವೈದ್ಯನಾಗಿದ್ದೆ. ಕಿವಿ, ಮೂಗು, ಗಂಟಲು ನನ್ನ ವಿಭಾಗ. ಕ್ಯಾನ್ಸರಿನಿಂದ ಬದುಕಿ ಬಂದವನು ಹೊಸ ರೋಗಿಯ ಪಕ್ಕ ಕೂತು ಧೈರ್ಯ ತುಂಬುವುದಕ್ಕೆ ಈಗ ‘ಪೀರ್ ಸಪೋರ್ಟ್’ ಎನ್ನುತ್ತಾರೆ. ಹೋಟೆಲಿನ ಹಾಲ್ ಹಿಡಿದು, ಬ್ಯಾನರ್ ಕಟ್ಟಿ, ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡು, ಊಟ ಮುಗಿಸಿ ಏಳುತ್ತಾರೆ. ನಾನು ಅದನ್ನು ಮೊದಲು ಕಂಡದ್ದು ಸಂಪಗಾಂವದ ಒಂದು ದನದ ಕೊಟ್ಟಿಗೆಯಲ್ಲಿ. ಶಾಲು ಇರಲಿಲ್ಲ, ಸೆಗಣಿ ಇತ್ತು.

ರುದ್ರಪ್ಪ ಆ ಊರಿನ ಹೊಲಮನೆ ಉಳ್ಳ ದೊಡ್ಡ ಮನೆತನದವನು. ದನದ ಪೇಟೆಯಲ್ಲಿ ದಲಾಲ, ಅಂದರೆ ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ದರ ಕೂಡಿಸುವವನು. ನಲವತ್ತೈದರ ಆಸುಪಾಸು. ಕೆಲವು ತಿಂಗಳಿಂದ ದನಿ ಒಡೆದಿದೆ ಎಂದು ನನ್ನ ಬಳಿ ಬಂದ. ಗಂಟಲಿಗೆ ಕನ್ನಡಿ ಇಳಿಸಿ ನೋಡಿದರೆ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಹುಬ್ಬಳ್ಳಿಯಲ್ಲಿ ಮಾಡಿಸಿದ ಬಯಾಪ್ಸಿ ಅದು ಕ್ಯಾನ್ಸರ್ ಎಂದಿತು. ಉಳಿದ ದಾರಿ ಒಂದೇ, ಲ್ಯಾರಿಂಜೆಕ್ಟಮಿ: ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದು, ಉಸಿರಾಟಕ್ಕೆ ಕುತ್ತಿಗೆಯ ಬುಡದಲ್ಲಿ ರಂಧ್ರ ಮಾಡುವ ಶಸ್ತ್ರಚಿಕಿತ್ಸೆ. ಬೇಗ ಮಾಡಿದರೆ ಬದುಕುತ್ತಾನೆ, ತಡವಾದರೆ ಉಸಿರುಗಟ್ಟಿ ಸಾಯುತ್ತಾನೆ. ರುದ್ರಪ್ಪ ಒಲ್ಲೆ ಎಂದ.

ಒಲ್ಲೆ ಎನಿಸಿದವರು ಬೇರೆ. ದಿನಾ ಮನೆಯ ಪಡಸಾಲೆಯಲ್ಲಿ ಸಮಾಧಾನ ಹೇಳುವವರ ಹಿಂಡು ನೆರೆಯುತ್ತಿತ್ತು. ಚಹಾ ಕುಡಿದು, ಎಲೆಅಡಿಕೆ ಮೆದ್ದು, ಬದುಕಿರುವವನ ಎದುರಿಗೇ ‘ಎಂಥಾ ಮನಷ್ಯಾ ಇದ್ದ’ ಎಂದು ಲೊಚಗುಟ್ಟಿ ಹೋಗುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಇವರು ರುದ್ರಪ್ಪನ ಧೈರ್ಯ ಕೆತ್ತಿದರು. ಅವರೆಲ್ಲರ ಮುಂದಾಳು ಅವನ ಅಣ್ಣ ಚನ್ನಪ್ಪ.

“ಮೂಗನಾಗಿ ಬದುಕಿ ಮನಿತನದ ಮಾನ ಕಳಿಯೂದಕ್ಕಿಂತ, ಇದ್ದಷ್ಟು ದಿನ ಮಾತಾಡ್ಕೋತ ಇರಲಿ ಬಿಡ್ರಿ, ಸಾಹೇಬ್ರ” ಎಂದ.

ತಮ್ಮನ ಜೀವವನ್ನು ಇಷ್ಟು ಧಾರಾಳವಾಗಿ ದಾನ ಕೊಟ್ಟ ಇನ್ನೊಬ್ಬ ಅಣ್ಣನನ್ನು ನಾನು ಕಂಡಿಲ್ಲ.

ಆಗ ನನಗೆ ಕಿತ್ತೂರಿನ ಪರಸಪ್ಪ ನೆನಪಾದ. ಮೊದಲು ಲಾರಿ ಡ್ರೈವರ್ ಆಗಿದ್ದವನು, ಈಗ ಹೈವೇ ಬದಿಗೆ ಟೈರ್ ಪಂಕ್ಚರ್ ಅಂಗಡಿ ಇಟ್ಟಿದ್ದ. ಮೂರು ವರ್ಷದ ಹಿಂದೆ ಮುಂಬಯಿಯಲ್ಲಿ ಅವನಿಗೂ ಇದೇ ಆಪರೇಶನ್ ಆಗಿತ್ತು. ಗಾಳಿ ನುಂಗಿ, ಅದನ್ನು ಅನ್ನನಾಳದಿಂದ ಮೇಲೆ ತಂದು ಮಾತಾಗಿಸುವುದನ್ನು ಅಲ್ಲಿ ಇನ್ನೊಬ್ಬ ರೋಗಿಯಿಂದಲೇ ಕಲಿತಿದ್ದ. ಇದಕ್ಕೆ ಈಸೋಫೇಜಿಯಲ್ ಸ್ಪೀಚ್ ಎನ್ನುತ್ತೇವೆ. ತೇಗಿನಂಥ ಗೊಗ್ಗರು ದನಿ, ಆದರೆ ಮಾತು ಸ್ಪಷ್ಟ. ಸಂಪಗಾಂವಕ್ಕೆ ಬರುತ್ತೀಯಾ ಎಂದು ಕೇಳಿದೆ.

“ಸಮಾಧಾನ ಹೇಳಾಕ ನನಗ ಬರೂದಿಲ್ರಿ. ಬೈಯಾಕ ಬರತೈತಿ” ಎಂದ.

ಅದೇ ಬೇಕಾಗಿದೆ, ನಡಿ ಎಂದೆ.

ಚನ್ನಪ್ಪ ನನಗೆ ಕುರ್ಚಿ ಹಾಕಿಸಿದ. ಪರಸಪ್ಪನ ಹೆಸರು ಕೇಳಿದ, ಊರು ಕೇಳಿದ, ಆಮೇಲೆ ಮನೆತನ ಕೇಳಿದ. ಅವನದು ದಲಿತ ಕೇರಿಯಿಂದ ಬೌದ್ಧರಾದವರ ಮನೆತನ ಎಂದು ತಿಳಿದ ಕೂಡಲೇ ಮುಖ ಗಂಟಿಕ್ಕಿ, “ನೀ ಅಲ್ಲೇ ಕೊಟ್ಟಿಗಿ ಕಡೆ ಕುಂದ್ರು” ಎಂದ. ತಮ್ಮ ಸಾಯುತ್ತಿರುವಾಗಲೂ ಈ ಮಹಾನುಭಾವನಿಗೆ ಹೊಸ್ತಿಲಿನದೇ ಚಿಂತೆ. ನನಗೆ ಮೈ ಉರಿಯಿತು. ಕುರ್ಚಿ ಬಿಟ್ಟು ನಾನೂ ಕೊಟ್ಟಿಗೆಗೆ ನಡೆದೆ. ರುದ್ರಪ್ಪನ ಹೆಂಡತಿ ಗಂಗವ್ವ ಯಾರ ಅಪ್ಪಣೆಯನ್ನೂ ಕೇಳದೆ ಗಂಡನ ರಟ್ಟೆ ಹಿಡಿದು ಅಲ್ಲಿಗೇ ಕರೆತಂದಳು.

ಪರಸಪ್ಪ ಕುತ್ತಿಗೆಯ ಕರವಸ್ತ್ರ ಬಿಚ್ಚಿ ರಂಧ್ರ ತೋರಿಸಿದ. ರುದ್ರಪ್ಪ ಮುಖ ತಿರುಗಿಸಿದ.

“ಈ ಕಡೆ ನೋಡ್ರಿ, ಯಜಮಾನ್ರ. ಇದೇನು ಕಡಿಯೂದಿಲ್ಲ.”

ರುದ್ರಪ್ಪ ಒಡಕು ದನಿಯಲ್ಲಿ ಕೇಳಿದ: “ಮಾತ ಇಲ್ಲಂದ್ರ ದಲಾಲಿ ಹೆಂಗ ಮಾಡ್ಲೋ?”

ಪರಸಪ್ಪ ಅವನ ಹೆಗಲ ಮೇಲಿನ ಟವೆಲ್ ಎಳೆದು, ಇಬ್ಬರ ಕೈ ಮೇಲೂ ಮುಚ್ಚಿ, ಒಳಗೆ ಅವನ ಬೆರಳು ಹಿಡಿದ. ದನದ ಪೇಟೆಯ ಪದ್ಧತಿಯೇ ಅದು. ಎತ್ತಿನ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅರಿವೆಯ ಮರೆಯಲ್ಲಿ ಬೆರಳು ಒತ್ತಿಯೇ ಹೇಳುತ್ತಾರೆ.

“ಏ, ಮುಟ್ಟಬ್ಯಾಡೋ ಅಂವನ್ನ!” ಎಂದು ಬಾಗಿಲಿಂದ ಚನ್ನಪ್ಪ ಕೂಗಿದ.

ಪರಸಪ್ಪ ತಿರುಗಿಯೂ ನೋಡಲಿಲ್ಲ. ಗಾಳಿ ನುಂಗುತ್ತ, ತುಂಡು ತುಂಡಾಗಿ ರುದ್ರಪ್ಪನಿಗೇ ಹೇಳಿದ: “ಪ್ಯಾಟ್ಯಾಗ ಎಲ್ಲಾರ ಬೆರಳೂ ಹಿಡಿತೀರಿ. ಅಲ್ಲಿ ಬಾಯಿನೂ ಬೇಕಾಗೂದಿಲ್ಲ, ಜಾತಿನೂ ಬೇಕಾಗೂದಿಲ್ಲ. ಸಾಯಾಕ ಮಾತ್ರ ಎರಡೂ ಬೇಕೇನ್ರಿ?”

ರುದ್ರಪ್ಪ ಕೈ ಹಿಂದೆಗೆಯಲಿಲ್ಲ. ಆಮೇಲೆ ನನ್ನತ್ತ ನೋಡಿ, “ಹುಬ್ಬಳ್ಳಿಗೆ ಯಾವಾಗ ಹೋಗೂದ್ರಿ?” ಎಂದ. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆಪರೇಶನ್ ಚೆನ್ನಾಗಿ ಆಯಿತು. ಪರಸಪ್ಪ ಅಂಗಡಿ ಮುಚ್ಚಿ ವಾರ್ಡಿನಲ್ಲಿ ಜೊತೆಗಿದ್ದ. ಗಾಯ ಮಾಗಿದ ಮೇಲೆ ವಾರಕ್ಕೊಮ್ಮೆ ಕೊಟ್ಟಿಗೆಯಲ್ಲೇ ಮಾತಿನ ಪಾಠ ಶುರುವಾಯಿತು. ತುಟಿ ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ಪ, ಬಗಳಿಂದಲೇ ಆರಂಭ. ಪರಸಪ್ಪ ಬೈದ, ರುದ್ರಪ್ಪ ಬೆವರಿದ, ಎರಡು ತಿಂಗಳಾದರೂ ಒಂದು ಶಬ್ದ ಹೊರಡಲಿಲ್ಲ.

ಇಷ್ಟರಲ್ಲಿ ಚನ್ನಪ್ಪ ಊರಿಗೆಲ್ಲ ಊಟ ಹಾಕಿಸಿದ. ತಮ್ಮನನ್ನು ತಾನೇ ಉಳಿಸಿಕೊಂಡೆನೆಂದು ಬಂದವರಿಗೆಲ್ಲ ಹೇಳಿದ. ನಾಚಿಕೆಯೆಂಬುದು ಅವನ ಓಣಿಗೂ ಬಂದಿರಲಿಲ್ಲ. ಲೊಚಗುಟ್ಟಿದ ಹಿಂಡು ಆಗಲೇ ಪಂಕ್ತಿ ಹಿಡಿದಿತ್ತು. ನಾನೂ ಪರಸಪ್ಪನೂ ಬಾಗಿಲಿಗೆ ಬಂದಾಗ ಚನ್ನಪ್ಪ ಅಡ್ಡ ನಿಂತು ಅವನಿಗೆ ಹೇಳಿದ: “ನಿನಗ ಕೊಟ್ಟಿಗ್ಯಾಗ ಎಲಿ ಹಾಕಿಸೇನಿ, ಹೋಗು.”

ಒಳಗಿಂದ ರುದ್ರಪ್ಪ ಎದ್ದು ಬಂದ. ಅಣ್ಣನ ಬೆನ್ನ ಹಿಂದೆ ನಿಂತ. ತುಟಿ ಒತ್ತಿ ಗಾಳಿ ನುಂಗಿದ.

“ಬಾಜೂ!”

ಪಕ್ಕಕ್ಕೆ ಸರಿ ಎಂದದ್ದು ಅಣ್ಣನಿಗೆ. ಪಂಕ್ತಿಯಲ್ಲಿ ಯಾರೋ, ತೇಗಿದ ಎಂದು ನಕ್ಕರು. ಚನ್ನಪ್ಪ ಕದಲಲಿಲ್ಲ. ಪರಸಪ್ಪ ಮಾತ್ರ ಮಾಸ್ತರರ ಗತ್ತಿನಲ್ಲಿ ತಲೆಯಾಡಿಸಿದ.

“ಗಾಳಿ ಕಮ್ಮಿ ಆತ್ರಿ. ಮತ್ತೊಮ್ಮೆ ಅನ್ರಿ.”

ರುದ್ರಪ್ಪ ಮತ್ತೊಮ್ಮೆ ಅಂದ. ಈ ಸಲ ಪಂಕ್ತಿಯ ಕೊನೆಯವರೆಗೂ ಕೇಳಿಸಿತು: “ಬಾಜೂ ಆಗು!” ಚನ್ನಪ್ಪ ಸರಿದು ನಿಂತ. ನಾವು ಒಳಗೆ ಹೋಗಿ ಉಂಡೆವು.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕ್ಯಾನ್ಸರ್ ರೋಗಿಯ ಗಡ್ಡೆಯೊಂದನ್ನೇ ತೆಗೆದರೆ ಸಾಲದು, ಅವನ ಬಾಗಿಲಿಗೆ ಅಡ್ಡ ನಿಂತವರನ್ನೂ ತೆಗೆಯಬೇಕು. ಗಡ್ಡೆಗೆ ಸರ್ಜನ್ ಸಾಕು. ಬಾಗಿಲಿಗೆ, ಅದೇ ಕತ್ತರಿಯ ಕೆಳಗೆ ಹೋಗಿ ಬಂದವನೇ ಬೇಕು.