ಪಾವಗಡದ ಮೇಲಿದ್ದ ಹೆಬ್ಬೆಟ್ಟು

ಕೇಳ್ರಪ್ಪ, ಇವತ್ತು ನಮ್ಮ ಮಧುಗಿರಿ ಹೈಸ್ಕೂಲಿಗೆ ಇನ್ಸ್‌ಪೆಕ್ಟರು ಬಂದಿದ್ದರು. ಅದಕ್ಕೆ ಮುಂಚೆ, ನಾನೂ ಗೆಳೆಯ ಓಬಳೇಶನೂ ಸೇರಿ ಕೆರೆಮಣ್ಣಲ್ಲಿ ಮಾಡಿದ್ದ ಮೈಸೂರು ಸೀಮೆಯ ನಕ್ಷೆ ನೋಡಿ ಮೇಷ್ಟ್ರು, "ಪಾವಗಡದ ಮೇಲೆ ಏನೋ ಇದು, ಹೆಬ್ಬೆಟ್ಟಿನ ಗುರುತು? ಒದ್ದೆ ಬಟ್ಟೇಲಿ ತೀಡಿ ನುಣ್ಣಗೆ ಮಾಡು" ಅಂದರು.

ಅದು ಓಬಳೇಶನ ಹೆಬ್ಬೆಟ್ಟು. "ನಮ್ಮೂರ ಕೆರೆ ಕಣ್ಲಾ" ಅಂತ ಹಸಿಮಣ್ಣಿಗೆ ಒತ್ತಿದ್ದ. ಹೋದ ತಿಂಗಳು ಪ್ಲೇಗಲ್ಲಿ ಹೋಗ್ಬುಟ್ಟ. ಅವನ ಬಟ್ಟೆ, ಚಾಪೆ, ಪುಸ್ತಕ ಎಲ್ಲಾನೂ ಸೋಂಕು ಹರಡದಿರಲಿ ಅಂತ ಸರ್ಕಾರದ ಪ್ಲೇಗಿನವರು ಸುಟ್ಟುಹಾಕಿದರು.

"ಅದೊಂದು ಇರಲಿ ಸಾರ್, ಓಬಳೇಶನೂರ ಕೆರೆ" ಅಂದೆ.

"ಅಷ್ಟು ದೊಡ್ಡ ಕೆರೆ ಅಲ್ಲೆಲ್ಲಿದೆಯೋ? ತೀಡು."

ತೀಡಿದೆ. ಇನ್ಸ್‌ಪೆಕ್ಟರು ಕೈಯಾಡಿಸಿ, "ಬಲು ನುಣುಪು! ಯಾರು ಮಾಡಿದ್ದು?" ಅಂದರು. ಮೇಷ್ಟ್ರು ನನ್ನೊಬ್ಬನನ್ನೇ ತೋರಿಸಿದರು.

ಪ್ಲೇಗಿನವರ ಕೈಗೆ ಸಿಗದೆ ಉಳಿದಿದ್ದನ್ನ ನಾನು ಅಳಿಸಿದೆನಲ್ಲ, ಅದಕ್ಕೆ ನನಗೆ ಭೇಷ್ ಸಿಕ್ಕಿತು.